ನೋಟ್ಸ್ ಉಳಿಸಿದ ಹೆಸರು: ಡಾ. ಸುಭಾಷ್ ಮುಖೋಪಾಧ್ಯಾಯ

ಹೋದ ಸೆಮಿಸ್ಟರ್‌ನಲ್ಲಿ ನಾವು ಬಿಡದಿ ಕೈಗಾರಿಕಾ ಪ್ರದೇಶಕ್ಕೆ ಇಂಡಸ್ಟ್ರಿಯಲ್ ವಿಸಿಟ್ ಹೋಗಿದ್ವಿ. ಅಲ್ಲಿ ಲೇಸರ್ ಮಷೀನ್ ಸ್ಟೀಲ್ ಶೀಟ್ ಕತ್ತರಿಸೋದನ್ನ ಬಾಯಿ ಬಿಟ್ಕೊಂಡು ನೋಡಿದ್ವಿ. ಆಮೇಲೆ ತಟ್ಟೆ ಇಡ್ಲಿ ತಿನ್ನುವಾಗ ಬಯೋಟೆಕ್ ಗೆಳತಿಯೊಬ್ಬಳು ಹೇಳಿದಳು, ಐವಿಎಫ್ ಲ್ಯಾಬ್‌ನಲ್ಲೂ ಲೇಸರ್ ಇರುತ್ತೆ ಅಂತ.

ಭ್ರೂಣದ ಸುತ್ತ ಜೋನಾ ಅನ್ನೋ ಪೊರೆ ಇರುತ್ತದೆ. ದಪ್ಪ ಸುಮಾರು 15 ಮೈಕ್ರಾನ್. ಮರಿ ಮೊಟ್ಟೆ ಒಡೆದು ಬರುವ ಹಾಗೆ ಭ್ರೂಣ ಈ ಪೊರೆಯಿಂದ ಹೊರಗೆ ಬರಬೇಕು, ಆಗಲೇ ಅದು ಗರ್ಭಕೋಶಕ್ಕೆ ಅಂಟಿಕೊಳ್ಳೋದು. ಫ್ರೀಜ್ ಮಾಡಿ ತೆಗೆದ ಭ್ರೂಣಗಳಲ್ಲಿ ಪೊರೆ ಗಟ್ಟಿಯಾಗಿರಬಹುದು ಅಂತ, 1480 ನ್ಯಾನೋಮೀಟರ್ ಲೇಸರ್‌ನಿಂದ ಅದನ್ನು ತೆಳು ಮಾಡುತ್ತಾರೆ, ಇಲ್ಲಾ ಸಣ್ಣ ತೂತು ಮಾಡುತ್ತಾರೆ. ಇದಕ್ಕೆ ಅಸಿಸ್ಟೆಡ್ ಹ್ಯಾಚಿಂಗ್ ಅಂತ ಹೆಸರು. ಎಲ್ಲರಿಗೂ ಇದರಿಂದ ಲಾಭ ಅಂತ ಸಾಬೀತಾಗಿಲ್ಲ, ಹಾಗಾಗಿ ಆಯ್ದ ಕೇಸ್‌ಗಳಲ್ಲಿ ಮಾತ್ರ ಬಳಸುತ್ತಾರೆ.

ಹಾಗಾದ್ರೆ ಫ್ರೀಜ್ ಮಾಡಿದ ಭ್ರೂಣದಿಂದ ಮಗು ಹುಟ್ಟಿಸಬಹುದು ಅಂತ ಮೊದಲು ತೋರಿಸಿದ್ದು ಯಾರು? ಹುಡುಕಿದಾಗ ಸಿಕ್ಕ ಹೆಸರು ಕೋಲ್ಕತ್ತಾದ ಡಾ. ಸುಭಾಷ್ ಮುಖೋಪಾಧ್ಯಾಯ. ಅವರ ಕಥೆ ಓದಿದ ಮೇಲೆ ಆ ರಾತ್ರಿ ನಮ್ಮಲ್ಲಿ ಯಾರಿಗೂ ಬೇಗ ನಿದ್ದೆ ಬರಲಿಲ್ಲ.

ಸುಭಾಷ್ ಹುಟ್ಟಿದ್ದು 1931ರ ಜನವರಿ 16ರಂದು, ಹಜಾರಿಬಾಗ್‌ನಲ್ಲಿ. ಕೋಲ್ಕತ್ತಾದಲ್ಲಿ ವೈದ್ಯಕೀಯ ಓದಿ, ಅಲ್ಲೇ ಪಿಎಚ್‌ಡಿ ಮಾಡಿದರು. ಆಮೇಲೆ ಎಡಿನ್‌ಬರೋಗೆ ಹೋಗಿ ಹಾರ್ಮೋನ್‌ಗಳ ಮೇಲೆ ಇನ್ನೊಂದು ಪಿಎಚ್‌ಡಿ ಮುಗಿಸಿದರು. ಅಲ್ಲೇ ಉಳಿಯಬಹುದಿತ್ತು. ಆದರೆ 1967ರಲ್ಲಿ ವಾಪಸ್ ಬಂದು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಮೇಷ್ಟ್ರಾದರು.

ಅವರ ಟೀಮ್ ನಮಗೆ ತುಂಬಾ ಇಷ್ಟವಾಯಿತು. ಸುಭಾಷ್ ಜೊತೆ ಇದ್ದವರು ಇಬ್ಬರು. ಒಬ್ಬರು ಸ್ತ್ರೀರೋಗ ತಜ್ಞ ಸರೋಜ್ ಕಾಂತಿ ಭಟ್ಟಾಚಾರ್ಯ. ಇನ್ನೊಬ್ಬರು ಜಾದವ್‌ಪುರ ವಿಶ್ವವಿದ್ಯಾಲಯದ ಸುನಿತ್ ಮುಖರ್ಜಿ. ಇವರು ಡಾಕ್ಟರ್ ಅಲ್ಲ, ಫುಡ್ ಟೆಕ್ನಾಲಜಿ ವಿಭಾಗದಲ್ಲಿದ್ದ, ಜೀವಕೋಶಗಳನ್ನು ಫ್ರೀಜ್ ಮಾಡೋ ವಿದ್ಯೆ ತಿಳಿದಿದ್ದವರು. ಮೂವರೂ ಸೇರಿ ಹಾರ್ಮೋನ್ ಕೊಟ್ಟು ಹೆಚ್ಚು ಅಂಡಾಣು ಪಡೆದರು. ಪ್ರಯೋಗಶಾಲೆಯಲ್ಲಿ ಭ್ರೂಣ ಬೆಳೆಸಿ, ಡಿಎಂಎಸ್‌ಒ ಅನ್ನೋ ರಾಸಾಯನಿಕ ಬಳಸಿ ಫ್ರೀಜ್ ಮಾಡಿದರು. 53 ದಿನ ಆದಮೇಲೆ ತೆಗೆದು ತಾಯಿಯ ಗರ್ಭಕ್ಕೆ ಸೇರಿಸಿದರು. ಆಗ ಅಸಿಸ್ಟೆಡ್ ಹ್ಯಾಚಿಂಗ್ ಇರಲಿಲ್ಲ, ಭ್ರೂಣ ತಾನಾಗಿಯೇ ಪೊರೆ ಒಡೆದು ಬರಬೇಕಿತ್ತು. ಬಂತು.

1978ರ ಅಕ್ಟೋಬರ್ 3ರಂದು ಹೆಣ್ಣು ಮಗು ಹುಟ್ಟಿತು. ದಸರಾ ಸಮಯ, ಅದಕ್ಕೇ ದುರ್ಗಾ ಅಂತ ಕರೆದರು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಇಂಗ್ಲೆಂಡಿನಲ್ಲಿ ಹುಟ್ಟಿ ಆಗಿನ್ನೂ 70 ದಿನ ಆಗಿತ್ತು ಅಷ್ಟೇ.

ಚಪ್ಪಾಳೆ ಬೀಳಬೇಕಿದ್ದ ಕಡೆ ವಿಚಾರಣೆ ಬಂತು. ಅದೇ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ರೇಡಿಯೋ ಭೌತಶಾಸ್ತ್ರದವರು. ಐವಿಎಫ್ ಮಾಡಿ ಗೊತ್ತಿದ್ದವರು ಅಲ್ಲಿ ಒಬ್ಬರೂ ಇರಲಿಲ್ಲ. ಸಮಾಜ ಏನನ್ನುತ್ತೋ ಅಂತ ಹೆದರಿ ಮಗುವಿನ ಮನೆಯವರು ಮುಂದೆ ಬರಲಿಲ್ಲ. ಸಮಿತಿ ಇದೆಲ್ಲಾ ಸುಳ್ಳು ಅಂದುಬಿಟ್ಟಿತು. ಜಪಾನಿಗೆ ಹೋಗಿ ತಮ್ಮ ಕೆಲಸ ವಿವರಿಸಲು ಕರೆ ಬಂದಿತ್ತು, ಸರ್ಕಾರ ಅನುಮತಿ ಕೊಡಲಿಲ್ಲ. ಹೃದಯಾಘಾತವೂ ಆಯಿತು. ಕೊನೆಗೆ ಹಾರ್ಮೋನ್ ತಜ್ಞರನ್ನು ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಸುಭಾಷ್ ಆತ್ಮಹತ್ಯೆ ಮಾಡಿಕೊಂಡರು. ಆಗ ಅವರಿಗೆ 50 ವರ್ಷ.

ಕಥೆ ಇಲ್ಲಿಗೇ ಮುಗಿದಿದ್ದರೆ ಇವರ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲವೇನೋ. ಮುಂದಿನ ಭಾಗಕ್ಕೆ ನಮ್ಮ ಬೆಂಗಳೂರಿನ ನಂಟಿದೆ.

1986ರ ಆಗಸ್ಟ್ 6ರಂದು ಮುಂಬೈನಲ್ಲಿ ಹರ್ಷಾ ಅನ್ನೋ ಮಗು ಹುಟ್ಟಿತು. ಭಾರತದ ಮೊದಲ ಪ್ರನಾಳ ಶಿಶು ಅಂತ ದಾಖಲಾಯಿತು. ಅದರ ಹಿಂದೆ ಡಾ. ಇಂದಿರಾ ಹಿಂದುಜಾ ಜೊತೆ ಇದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. ಇವರು ಮುಂದೆ ಬೆಂಗಳೂರಿನಲ್ಲಿ ನೆಲೆಸಿದರು. 1997ರಲ್ಲಿ ಸುಭಾಷ್ ಬರೆದಿಟ್ಟ ನೋಟ್ಸ್, ಕಾಗದಪತ್ರಗಳು ಇವರ ಕೈಗೆ ಬಂದವು. ಓದಿ ನೋಡಿದರೆ ಪ್ರತಿ ಹಂತವೂ ಸರಿಯಾಗಿತ್ತು. ಸುಮ್ಮನಿದ್ದಿದ್ದರೆ ಮೊದಲಿಗ ಅನ್ನೋ ಪಟ್ಟ ಇವರ ಹತ್ತಿರಾನೇ ಉಳೀತಿತ್ತು. ಆದರೆ ಇವರು ಬೆಂಗಳೂರಿನಿಂದಲೇ ಪ್ರಕಟವಾಗುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ, ಮೊದಲಿಗರು ನಾವಲ್ಲ, ಸುಭಾಷ್ ಅಂತ ಬರೆದರು. ತಮ್ಮ ಪಟ್ಟವನ್ನು ತಾವೇ ಬಿಟ್ಟುಕೊಟ್ಟರು. ದುರ್ಗಾ ಕೂಡ ತನಗೆ 25 ತುಂಬಿದಾಗ ಎಲ್ಲರ ಮುಂದೆ ಬಂದು, ಆ ಮಗು ತಾನೇ ಅಂತ ಹೇಳಿಕೊಂಡರು.

ಇವತ್ತು ಐವಿಎಫ್‌ನಲ್ಲಿ ಭ್ರೂಣ ಫ್ರೀಜ್ ಮಾಡೋದು ದಿನನಿತ್ಯದ ಕೆಲಸ. ಸುಭಾಷ್‌ಗೆ ಅದನ್ನು ನೋಡೋ ಭಾಗ್ಯ ಸಿಗಲಿಲ್ಲ.

ಲ್ಯಾಬ್ ರೆಕಾರ್ಡ್ ಬರೆಯೋಕೆ ನಾವೆಲ್ಲಾ ಗೊಣಗ್ತೀವಿ, ಹಿಂದಿನ ದಿನ ರಾತ್ರಿ ಕೂತು ಕಾಪಿ ಹೊಡೀತೀವಿ. ಸುಭಾಷ್ ಹಾಗೆ ಮಾಡಿದ್ದಿದ್ದರೆ ಆನಂದ್ ಕುಮಾರ್‌ಗೆ ಓದೋಕೆ ಏನೂ ಇರ್ತಿರಲಿಲ್ಲ. ಇನ್ನೊಂದು ಮಾತು. ನಾಳೆ ನಮ್ಮಲ್ಲೂ ಕೆಲವರು ಯಾವುದೋ ಸಮಿತಿಯಲ್ಲಿ ಕೂರ್ತೀವಿ, ಯಾರದೋ ಪ್ರಾಜೆಕ್ಟ್‌ಗೆ ಮಾರ್ಕ್ಸ್ ಹಾಕ್ತೀವಿ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಅಂತ ಹೇಳೋಣ. ಸುಳ್ಳು ಅಂತ ಬರೆಯೋದು ಬೇಡ.