ಒಡೆದ ಕಂಠವನ್ನು ಕಟ್ಟಿಕೊಂಡ ಸವಾಯಿ ಗಂಧರ್ವರು

ಎಂಟನೆಯ ತರಗತಿಯ ಹುಡುಗನ ದನಿ ಒಡೆಯುತ್ತಲೇ ಅವನನ್ನು ಪ್ರಾರ್ಥನೆಯ ಮುಂದಿನ ಸಾಲಿನಿಂದ ಹಿಂದಕ್ಕೆ ಸರಿಸುತ್ತೇವೆ. ಶಿಕ್ಷಕರಾದ ನಾವೇ ಹೀಗೆ ಮಾಡಿದ್ದೇವೆ. ಸೊಲ್ಲಾಪುರ, ಅಕ್ಕಲಕೋಟದ ಪಾಲಕರು ಕುಂದಗೋಳದ ರಾಮಭಾವು ಅವರ ಬಾಳನ್ನು ಅರಿಯಬೇಕೆಂದು ನಮಗೆ ಅನಿಸಿದ್ದು ಇದರಿಂದಲೇ.

1886ರಲ್ಲಿ ಜನಿಸಿದ ಅವರ ಕಂಠ ಬಾಲ್ಯದಲ್ಲಿ ಇಂಪಾಗಿತ್ತು. ಹರೆಯದಲ್ಲಿ ಒಡೆದು ಬಿರುಸಾಯಿತು. ಆ ವಯಸ್ಸಿನಲ್ಲಿ ಸ್ವರತಂತುಗಳು ಉದ್ದವಾಗಿ ದಪ್ಪಗಾಗುತ್ತವೆ, ಗಂಡುಮಕ್ಕಳ ದನಿ ಸುಮಾರು ಒಂದು ಸಪ್ತಕ ಕೆಳಗಿಳಿಯುತ್ತದೆ. ಅದು ರೋಗವಲ್ಲ, ಶಸ್ತ್ರಚಿಕಿತ್ಸೆ ಬೇಡುವ ಸಂಗತಿಯೂ ಅಲ್ಲ. (ಗೊಗ್ಗರು ದನಿ ವಾರಗಟ್ಟಲೆ ಇಳಿಯದಿದ್ದರೆ ಮಾತ್ರ ವೈದ್ಯರಿಗೆ ತೋರಿಸಬೇಕು.)

ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು ಈ ಬಿರುಸು ಕಂಠದ ಶಿಷ್ಯನನ್ನು ಕೈಬಿಡಲಿಲ್ಲ. ವರ್ಷಗಟ್ಟಲೆ ಸ್ವರಸಾಧನೆ, ಅದೇ ಪಲುಕು ಮತ್ತೆ ಮತ್ತೆ. ಬಾಲ್ಯದ ಸಲೀಸು ಮರಳಲಿಲ್ಲವೆಂಬುದೂ ನಿಜ. ಕಛೇರಿಯ ಆರಂಭದಲ್ಲಿ ತೊಡಕುತ್ತಿದ್ದ ದನಿ ಹಾಡುತ್ತ ಹಾಡುತ್ತ ಬಿಚ್ಚಿಕೊಳ್ಳುತ್ತಿತ್ತು. ಕೇಳುಗರು ಅದಕ್ಕಾಗಿ ಕಾಯುತ್ತಿದ್ದರು.

ಗುರುಗಳಿಗೆ ಹಿಡಿಸದಿದ್ದರೂ ಮರಾಠಿ ರಂಗಭೂಮಿಗೆ ಹೋದರು. ಸುಭದ್ರೆಯಂಥ ಸ್ತ್ರೀಪಾತ್ರಗಳಲ್ಲಿ ಹಾಡಿ ಮೆರೆದ ಕನ್ನಡ ನೆಲದ ಈ ಗಾಯಕನನ್ನು ಮರಾಠಿ ರಸಿಕರು ಸವಾಯಿ ಗಂಧರ್ವರೆಂದು ಕರೆದರು. ಸವಾಯಿ ಎಂದರೆ ಒಂದೂಕಾಲು. ಬಾಲಗಂಧರ್ವರಿದ್ದ ಕಾಲದಲ್ಲಿ ಅದು ಸಣ್ಣ ಮಾತಲ್ಲ.

ತಾವು ಪಡೆದ ಕಠಿಣ ಸಾಧನೆಯನ್ನೇ ಅವರು ಶಿಷ್ಯರಿಗೂ ದಾಟಿಸಿದರು. ಭೀಮಸೇನ ಜೋಶಿ ಅವರು ಕುಂದಗೋಳದ ಅವರ ಮನೆಯಲ್ಲಿದ್ದು ಕಲಿತರು. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬರುತ್ತಿದ್ದರು. ಮುಂದೆ ಗಂಟಲ ತೊಂದರೆಯ ಬಳಿಕ ಆಕೆಯ ದನಿ ಗಂಡುದನಿಯಂತೆ ಗಡುಸಾಯಿತು. ಆ ದನಿಯಲ್ಲಿಯೇ ಆಕೆ ದಶಕಗಳ ಕಾಲ ಹಾಡಿದರು. ಪಾರ್ಶ್ವವಾಯುವಿಗೆ ತುತ್ತಾಗಿದ್ದ ಗುರುಗಳು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು.