ಜೂಡಾ ಫೋಕ್‌ಮನ್

ನೀರಿನ ಸೆಲೆಯಿಲ್ಲದೆ ಊರು ಬೆಳೆಯದೆಂಬುದನ್ನು ಗೌರಸಮುದ್ರದ ಒಣನೆಲದಲ್ಲಿ ಹುಟ್ಟಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕ್ಯಾನ್ಸರ್ ಗೆಡ್ಡೆಯ ಪಾಡೂ ಇದೇ ಎಂದು ಕಂಡಾತ ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ (1933–2008). ತರುಣನಾಗಿ ನೌಕಾದಳದ ಪ್ರಯೋಗಶಾಲೆಯಲ್ಲಿದ್ದಾಗ, ದೇಹದಿಂದ ಬೇರ್ಪಡಿಸಿದ ಥೈರಾಯ್ಡ್ ಗ್ರಂಥಿಯಲ್ಲಿ ಆತ ನೆಟ್ಟ ಗೆಡ್ಡೆಗಳು ಒಂದೆರಡು ಮಿಲಿಮೀಟರಿಗೇ ನಿಂತುಬಿಟ್ಟವು. ಅವನ್ನೇ ಇಲಿಯ ಮೈಗೆ ಸೇರಿಸಿದಾಗ ಬೇಗಬೇಗನೆ ಬೆಳೆದವು. ಗೆಡ್ಡೆ ರಕ್ತನಾಳಗಳನ್ನು ತಾನೇ ಕರೆಸಿಕೊಳ್ಳುತ್ತದೆ, ಆ ದಾರಿಯನ್ನು ಕಟ್ಟಿದರೆ ಸೊರಗೀತು ಎಂದು 1971ರಲ್ಲಿ ಬರೆದ. ಬಲ್ಲವರು ಬಹುಕಾಲ ನಂಬಲಿಲ್ಲ. ಆತನೋ, 1981ರಲ್ಲಿ ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನ ಪದವಿಯನ್ನೇ ತೊರೆದು ಪ್ರಯೋಗಶಾಲೆ ಹಿಡಿದ. ನನಗೆ ಆತನಲ್ಲಿ ಗೌರವ ಹುಟ್ಟಿದುದು ಇಲ್ಲಿಯೇ. ನಾಳ ತಡೆಯುವ ಬೆವಾಸಿಝುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದ ಒಪ್ಪಿಗೆ ದೊರೆಯಿತು. ಆದರೆ ಗೆಡ್ಡೆ ಬೇರೆ ದಾರಿ ಹುಡುಕುವುದೂ ಉಂಟು. ಆ ನಾಳಗಳನ್ನು ಹಗೆಯೆಂದು ಗುರುತಿಸಲು ದೇಹಕ್ಕೇ ಕಲಿಸುವ ಲಸಿಕೆಗಳು ಇನ್ನೂ ಪರೀಕ್ಷೆಯಲ್ಲಿವೆ.