ಆರು ಚುಕ್ಕಿಗಳ ಅಕ್ಷರಲೋಕ

ಮಕ್ಕಳೇ, ಒಂದು ಪ್ರಯೋಗ ಮಾಡೋಣ. ಕಣ್ಣು ಮುಚ್ಚಿಕೊಂಡು ನಿಮ್ಮ ವಿಜ್ಞಾನ ಪುಸ್ತಕದ ಪುಟದ ಮೇಲೆ ಬೆರಳಾಡಿಸಿ. ಒಂದಕ್ಷರವಾದರೂ ಓದಲು ಬಂತೆ? ಇಲ್ಲ, ಅಲ್ಲವೆ? ಹಾಗಾದರೆ ಕಣ್ಣು ಕಾಣದ ಮಕ್ಕಳು ಓದುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಹಿಡಿದವನು ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿ. ಅವನೇ ಲೂಯಿ ಬ್ರೈಲ್.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸ್ ದೇಶದ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳಿಗೆ ಜೀನು, ಲಗಾಮು ಮಾಡುವ ಕಸುಬಿನವರು. ಮೂರು ವರ್ಷದವನಿದ್ದಾಗ ಲೂಯಿ ತಂದೆ ಕೆಲಸ ಮಾಡುವ ಕೋಣೆಯಲ್ಲಿ ಆಡುತ್ತಿದ್ದ. ಚರ್ಮಕ್ಕೆ ತೂತು ಹಾಕುವ ಚೂಪಾದ ಉಪಕರಣವೊಂದು ಅವನ ಕಣ್ಣಿಗೆ ಚುಚ್ಚಿತು. ಗಾಯಕ್ಕೆ ಸೋಂಕು ತಗುಲಿ, ಅದು ಇನ್ನೊಂದು ಕಣ್ಣಿಗೂ ಹರಡಿತು. ಸೋಂಕನ್ನು ತಡೆಯುವ ಇಂದಿನ ಔಷಧಿಗಳು ಆಗ ಇರಲಿಲ್ಲ. ಐದನೆಯ ವಯಸ್ಸಿಗೆ ಲೂಯಿ ಪೂರ್ತಿ ದೃಷ್ಟಿ ಕಳೆದುಕೊಂಡ.

ಆದರೂ ತಂದೆತಾಯಿ ಅವನನ್ನು ಊರಿನ ಶಾಲೆಗೇ ಕಳುಹಿಸಿದರು. ಉಳಿದ ಮಕ್ಕಳ ಜೊತೆ ಕುಳಿತು, ಕೇಳಿಸಿಕೊಂಡೇ ಅವನು ಪಾಠ ಕಲಿತ. ಓದಲು ಮಾತ್ರ ಯಾವ ದಾರಿಯೂ ಇರಲಿಲ್ಲ.

1819ರಲ್ಲಿ ಲೂಯಿ ಪ್ಯಾರಿಸ್ ನಗರದ ಅಂಧ ಮಕ್ಕಳ ಶಾಲೆಗೆ ಸೇರಿದ. ಆ ಶಾಲೆಯ ಸ್ಥಾಪಕ ವ್ಯಾಲೆಂಟಿನ್ ಹಾಯಿ ಉಬ್ಬು ಅಕ್ಷರಗಳ ಪುಸ್ತಕಗಳನ್ನು ಮಾಡಿಸಿದ್ದರು. ನಾವು ಕಣ್ಣಿನಿಂದ ನೋಡುವ ಅಕ್ಷರಗಳೇ ಅಲ್ಲಿ ದೊಡ್ಡದಾಗಿ ಉಬ್ಬಿಕೊಂಡಿದ್ದವು. ಒಂದೊಂದು ಅಕ್ಷರದ ಆಕಾರವನ್ನೂ ಬೆರಳಿನಿಂದ ತಡವಿ ಗುರುತಿಸಬೇಕು. ಓದು ಬಹಳ ನಿಧಾನ, ಪುಸ್ತಕಗಳೂ ಬಹಳ ಭಾರ. ಆ ಅಕ್ಷರಗಳನ್ನು ಮಕ್ಕಳು ತಾವೇ ಬರೆಯುವಂತೆಯೂ ಇರಲಿಲ್ಲ.

ಸೈನ್ಯದಲ್ಲಿದ್ದ ಚಾರ್ಲ್ಸ್ ಬಾರ್ಬಿಯೆ ಎಂಬವರ ಚುಕ್ಕಿಬರಹ 1821ರಲ್ಲಿ ಈ ಶಾಲೆಗೆ ಬಂತು. ಅದರಲ್ಲಿ 12 ಚುಕ್ಕಿಗಳವರೆಗೆ ಬಳಸಬೇಕಿತ್ತು. ಅಷ್ಟೊಂದು ಚುಕ್ಕಿಗಳು ಬೆರಳತುದಿಯ ಒಂದೇ ಸ್ಪರ್ಶಕ್ಕೆ ಸಿಗುತ್ತಿರಲಿಲ್ಲ. ಲೂಯಿ ಯೋಚಿಸಿದ, ಮತ್ತೆ ಮತ್ತೆ ಪ್ರಯತ್ನಿಸಿದ. 1824ರ ಹೊತ್ತಿಗೆ ಚುಕ್ಕಿಗಳನ್ನು ಆರಕ್ಕೆ ಇಳಿಸಿದ. ಮೂರು ಚುಕ್ಕಿಗಳ ಎರಡು ಕಂಬಸಾಲು, ಅಷ್ಟೆ!

ಆರೇ ಚುಕ್ಕಿ ಸಾಕೆ? ಲೆಕ್ಕ ಹಾಕಿ. ಪ್ರತಿ ಚುಕ್ಕಿಯೂ ಉಬ್ಬಿರಬಹುದು, ಇಲ್ಲವೇ ಉಬ್ಬದಿರಬಹುದು. 2×2×2×2×2×2 = 64. ಒಂದೂ ಉಬ್ಬದ ಖಾಲಿ ಜಾಗವನ್ನು ಬಿಟ್ಟರೂ 63 ಜೋಡಣೆಗಳು ಸಿಗುತ್ತವೆ! ಅಕ್ಷರ, ಅಂಕಿ, ಚಿಹ್ನೆ, ಸಂಗೀತದ ಸ್ವರ, ಎಲ್ಲವನ್ನೂ ಇದರಲ್ಲಿ ಬರೆಯಬಹುದು. ಈ ಲಿಪಿಯ ವಿವರ 1829ರಲ್ಲಿ ಪುಸ್ತಕವಾಗಿ ಪ್ರಕಟವಾಯಿತು.

ಮುಂದೆ ಬ್ರೈಲ್ ಅದೇ ಶಾಲೆಯಲ್ಲಿ ಶಿಕ್ಷಕರಾದರು. ಆದರೆ 1840ರಲ್ಲಿ ಬಂದ ಹೊಸ ನಿರ್ದೇಶಕರು ಚುಕ್ಕಿಲಿಪಿಯನ್ನು ನಿಷೇಧಿಸಿದರು. ಅಂಧರ ಬರಹವೂ ಕಣ್ಣಿರುವವರ ಬರಹದಂತೆಯೇ ಇರಬೇಕು ಎಂಬುದು ಅವರ ವಾದ. ಮಕ್ಕಳು ಏನು ಮಾಡಿದರು ಗೊತ್ತೆ? ಗುಟ್ಟಾಗಿ ಚುಕ್ಕಿಗಳಲ್ಲೇ ಬರೆದರು, ಓದಿದರು. ಓದುವುದು ಅವರ ಬೆರಳು ತಾನೆ? ಯಾವುದು ಸುಲಭವೆಂದು ಆ ಬೆರಳಿಗೇ ಗೊತ್ತಿತ್ತು. ಕೊನೆಗೆ ಶಾಲೆಯೇ ಸೋತಿತು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯ ದಿನ ಎಲ್ಲರೆದುರು ಬ್ರೈಲ್ ಲಿಪಿಯ ಪ್ರದರ್ಶನ ನಡೆಯಿತು.

ಕ್ಷಯರೋಗದಿಂದ ಬಳಲುತ್ತಿದ್ದ ಬ್ರೈಲ್ 1852ರ ಜನವರಿ 6ರಂದು ತೀರಿಕೊಂಡರು. ಆಗ ಅವರಿಗೆ 43 ವರ್ಷ. ಫ್ರಾನ್ಸ್ ಸರಕಾರ ಈ ಲಿಪಿಯನ್ನು ಒಪ್ಪಿಕೊಂಡದ್ದು 1854ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ನಮ್ಮ ದೇಶದ ಭಾಷೆಗಳಿಗಾಗಿ 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡವನ್ನೂ ಹೀಗೆಯೇ ಓದುತ್ತಾರೆ. ಬ್ರೈಲ್ ಅವರ 200ನೆಯ ಜನ್ಮವರ್ಷವಾದ 2009ರಲ್ಲಿ ಭಾರತ ಅವರ ನೆನಪಿಗೆ 2 ರೂಪಾಯಿ ನಾಣ್ಯ ಹೊರತಂದಿತು.

ನೀವೇ ಮಾಡಿ ನೋಡಿ: ರಟ್ಟಿನ ಮೇಲೆ ಸಾಸಿವೆ ಕಾಳುಗಳನ್ನು ಅಂಟಿಸಿ. ಎಡಸಾಲಿನ ಮೇಲಿನ ಒಂದೇ ಚುಕ್ಕಿ ಇದ್ದರೆ ಅದು ‘ಅ’. ಎಡಸಾಲಿನ ಮೂರೂ ಇದ್ದರೆ ‘ಲ’. ಎಡಸಾಲಿನ ಮೇಲಿನದು ಮತ್ತು ಕೆಳಗಿನದು ಇದ್ದರೆ ‘ಕ’. ಅಂಟು ಒಣಗಿದ ಮೇಲೆ ಕಣ್ಣು ಮುಚ್ಚಿ ಓದಿ.

ನಿಮ್ಮ ತರಗತಿಯಲ್ಲಿ ಕಾಣದ, ಕೇಳದ ಅಥವಾ ನಡೆಯಲಾಗದ ಗೆಳೆಯರಿದ್ದಾರೆಯೆ? ಅವರಿಗೆ ನೆರವಾಗುವ ಮೊದಲು, ಹೇಗೆ ಮಾಡಿದರೆ ಅನುಕೂಲ ಎಂದು ಅವರನ್ನೇ ಕೇಳಿ. ಸರಿಯಾದ ಉತ್ತರ ಅವರ ಬಳಿಯೇ ಇರಬಹುದು.